ಬೆಟ್ಟ ಹತ್ತದ ಡ್ರೈವರ್

ಬೊಗೊಟಾದಲ್ಲಿ ಎಲ್ಲರಿಗೂ ಗೊತ್ತಿರುವ ಮಾತು: ಮದುವೆಯಾಗದ ಜೋಡಿ ಮೊನ್ಸೆರಾತೆ ಬೆಟ್ಟ ಹತ್ತಿದರೆ ಆ ಮದುವೆ ನಡೆಯುವುದಿಲ್ಲ. ಓದು ಬರಹ ಬಲ್ಲವರು ಇದನ್ನು ನಂಬುವುದಿಲ್ಲ. ಆದರೆ ಮದುವೆ ಗೊತ್ತಾದ ಮೇಲೆ ಅವರೂ ಆ ಬೆಟ್ಟದ ಕಡೆ ತಲೆ ಹಾಕಿ ಮಲಗುವುದಿಲ್ಲ.

ಗೈಡ್ ಯೋಲಿಮಾ ಇದನ್ನು ದಿನವೂ ಮೈಕಿನಲ್ಲಿ ಹೇಳುತ್ತಿದ್ದಳು. ಪ್ರವಾಸಿಗಳು ನಗುತ್ತಿದ್ದರು. ಸ್ಟೀರಿಂಗ್ ಹಿಡಿದ ಎವೆಲಿಯೊ ಮಾತ್ರ ನಗುತ್ತಿರಲಿಲ್ಲ. ಹೆಚ್ಚುಕಮ್ಮಿ ಹತ್ತು ವರ್ಷ ಇಬ್ಬರೂ ಒಂದೇ ಬಸ್ಸಿನಲ್ಲಿ ಊರು ತೋರಿಸಿದ್ದರು. ಒಮ್ಮೆಯೂ ಅವನು ಅವಳ ಜೊತೆ ಬೆಟ್ಟ ಹತ್ತಿರಲಿಲ್ಲ. ಒಂದು ದಿನ ಮಂಡಿನೋವು, ಇನ್ನೊಂದು ದಿನ ಶೀತ, ಮತ್ತೊಂದು ದಿನ ಪೊಲೀಸರು ಬಸ್ಸು ಎಳೆದುಕೊಂಡು ಹೋದಾರೆಂಬ ಭಯ. ನೆಪ ಎಷ್ಟು ಸುಳ್ಳೋ ಯೋಲಿಮಾಳಿಗೆ ಅಷ್ಟು ಹಿಗ್ಗು. ಮನಸ್ಸಿನಲ್ಲಿ ಏನೂ ಇಲ್ಲದ ಗಂಡಸು ಬೆಟ್ಟಕ್ಕೆ ಯಾಕೆ ಹೆದರಬೇಕು? ಅವನು ಬಾಯಿಬಿಟ್ಟು ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ. ಮೊದಲು ಅವನಿಗೆ ಹಾಸಿಗೆ ಹಿಡಿದ ತಾಯಿ, ಆಮೇಲೆ ಇವಳಿಗೆ ಅರಳುಮರಳಿನ ತಂದೆ. ಅವರಿಬ್ಬರೂ ತೀರಿಕೊಳ್ಳುವ ಹೊತ್ತಿಗೆ ಇವರಿಗೆ ತಲೆ ನರೆತು, ಈ ವಯಸ್ಸಿನಲ್ಲಿ ಜನ ಏನಂದಾರು ಎಂಬ ನಾಚಿಕೆ ಬಂದು ಕೂತಿತ್ತು.

ಇವತ್ತು ಅವನ ಕೊನೆಯ ಸುತ್ತು. ನಾಳೆ ಅರೌಕಾಕ್ಕೆ, ಗಡಿಯ ಹತ್ತಿರ ಬಾವ ನಡೆಸುವ ಗ್ಯಾರೇಜಿಗೆ ಹೊರಟಿದ್ದ. ಇವತ್ತಾದರೂ ಕೇಳಿಯಾನೆಂದು ಯೋಲಿಮಾ ಬೆಳಗಿನಿಂದ ಜೀವ ಕೈಯಲ್ಲಿ ಹಿಡಿದಿದ್ದಳು. ದೊಡ್ಡ ಚೌಕದಲ್ಲಿ ಪ್ರವಾಸಿಗಳನ್ನು ಪಾರಿವಾಳಗಳ ಕಡೆ ಅಟ್ಟಿ, ಬೇಕೆಂದೇ ಅವನ ಬಾಗಿಲ ಹತ್ತಿರ ಬಂದು ನಿಂತಳು.

"ಹಿಂದಿನ ಬ್ರೇಕು ಸ್ವಲ್ಪ ಹಿಡಿಯುತ್ತೆ. ಹೊಸ ಡ್ರೈವರಿಗೆ ಹೇಳಿಬಿಡಿ," ಅಂದ ಎವೆಲಿಯೊ.

"ಇನ್ನೇನಾದ್ರೂ ಹೇಳೋದಿದ್ಯಾ?"

ಅವನು ಬಹಳ ಹೊತ್ತು ಯೋಚಿಸಿದ. "ಕ್ಲಚ್ ಚೆನ್ನಾಗಿದೆ."

ಇಂಥವನನ್ನು ಪ್ರೀತಿಸಿದ್ದಕ್ಕೆ ಅವಳು ತನ್ನ ಹಣೆಬರಹವನ್ನೇ ಬೈದುಕೊಂಡಳು.

ಬೆಟ್ಟದ ಬುಡದಲ್ಲಿ ಎಲ್ಲರನ್ನೂ ಇಳಿಸಿ ಕೇಬಲ್ ಕಾರಿನ ಸಾಲಿಗೆ ನಿಲ್ಲಿಸಿದಳು. ಅಂದು ಬಂದವರು ಸಮುದ್ರ ತೀರದ ಬೆಚ್ಚಗಿನ ಊರಿನವರು. ಅವರ ಪೈಕಿ ನೂರಿಸ್ ಎಂಬ ದಪ್ಪನೆಯ ಅಜ್ಜಿ ಮೂರು ಶಾಲು ಹೊದ್ದು, ಈ ಊರಿನ ಚಳಿಗೆ ಶಾಪ ಹಾಕುತ್ತಿದ್ದಳು. ಅಷ್ಟರಲ್ಲಿ ಎವೆಲಿಯೊ ಬಂದ. ತಲೆ ಬಾಚಿದ್ದ. ಹಬ್ಬಕ್ಕೆ ಹಾಕುವ ಉಣ್ಣೆಯ ರುವಾನಾ ಹೊದ್ದಿದ್ದ. ಕೈಯಲ್ಲಿ ಒಂದು ಟಿಕೆಟ್.

"ಇವತ್ತು ನಾನೂ ಬರ್ತೀನಿ," ಅಂದ. "ಇಷ್ಟು ವರ್ಷ ಇಲ್ಲಿದ್ದು ಮೇಲಿಂದ ಊರು ನೋಡ್ದೆ ಹೋದ ಅನ್ನೋ ಮಾತು ಬೇಡ."

"ಅಬ್ಬಾ, ಅಂತೂ ಬಂತಪ್ಪ ಧೈರ್ಯ!" ನೂರಿಸಜ್ಜಿ ಚಪ್ಪಾಳೆ ತಟ್ಟಿದಳು. "ಬಾ ಮಗನೇ, ನನ್ನ ಪಕ್ಕ ನಿಂತ್ಕೋ. ನನಗೂ ಬೆಚ್ಚಗಿರುತ್ತೆ!"

ಯೋಲಿಮಾಳಿಗೆ ಗೊತ್ತಾಗಿಹೋಯಿತು. ಇದು ಧೈರ್ಯವಲ್ಲ. ಅವನು ಆಸೆ ಬಿಟ್ಟಿದ್ದ. ಇನ್ನು ಕಾಪಾಡುವುದೇನೂ ಉಳಿದಿಲ್ಲವೆಂದು ಹತ್ತಲು ಬಂದಿದ್ದ.

"ಬಸ್ಸು?" ಅಂದಳು.

"ಬೀಗ ಹಾಕಿದೀನಿ."

"ಮಂಡಿ?"

"ಇವತ್ತು ನೋವಿಲ್ಲ."

"ಶೀತ?"

ಅವನು ಟಿಕೆಟನ್ನು ಬೆರಳಲ್ಲಿ ಮಡಚುತ್ತ ನೆಲ ನೋಡಿದ.

"ಬರಬೇಡಿ," ಅಂದಳು ಯೋಲಿಮಾ. "ನಾಳೆ ಎಲ್ಲಿಗೆ ಬೇಕಾದ್ರೂ ಹೋಗಿ, ನಾನು ತಡೆಯಲ್ಲ. ಆದ್ರೆ ನನ್ನ ಜೊತೆ ಈ ಬೆಟ್ಟ ಮಾತ್ರ ಹತ್ತಬೇಡಿ ಎವೆಲಿಯೊ. ನಿಮ್ಮ ದಮ್ಮಯ್ಯ."

ನೂರಿಸಜ್ಜಿ ಅವಳ ಮುಖ ನೋಡಿದಳು, ಅವನ ಮುಖ ನೋಡಿದಳು, ಒಂದು ಶಾಲು ಬಿಚ್ಚಿ ಅವನ ಕೈಗೆ ತುರುಕಿದಳು. "ನೀನು ಇಲ್ಲೇ ಇರಪ್ಪ. ಇದನ್ನ ಹಿಡ್ಕೊಂಡು ನಿಂತಿರು. ನಾವು ಬರೋವರೆಗೂ ಕದಲಬೇಡ."

ಮೇಲೆ ಯೋಲಿಮಾ ಅಭ್ಯಾಸಬಲದಿಂದ ಕೈ ತೋರಿಸಿದಳು: ಅದು ಚೌಕ, ಅದು ದೊಡ್ಡ ಇಗರ್ಜಿ, ಆ ಹೆಂಚಿನ ಮನೆಗಳು ಹಳೇ ಪೇಟೆ. ಕಣ್ಣು ಮಾತ್ರ ಬುಡದಲ್ಲಿ ತಮ್ಮ ಬಿಳಿ ಬಸ್ಸಿನ ಛಾವಣಿ ಹುಡುಕುತ್ತಿತ್ತು. ಮಂಜು ಬಂದು ಅದನ್ನೂ ಮುಚ್ಚಿತು. ಹೇಳದೆಯೇ ಹೊರಟುಹೋಗಿದ್ದರೆ? ಹಾಗೆ ಮಾಡುವ ಜಾತಿಯೇ ಅವನು.

ಇಳಿದು ಬಂದಾಗ ಅವನು ನಿಂತಲ್ಲೇ ನಿಂತಿದ್ದ. ಹೆಗಲ ಮೇಲೆ ಅಜ್ಜಿಯ ಹೂವಿನ ಶಾಲು, ಎರಡು ಕೈಯಲ್ಲಿ ಬಿಸಿ ಬೆಲ್ಲದ ನೀರಿನ ಎರಡು ಲೋಟ. ಒಂದನ್ನು ಅವಳಿಗೆ ಕೊಟ್ಟ. ಊರಿನ ರೂಢಿಯಂತೆ ಒಳಗೆ ಅವಳಿಗಿಷ್ಟವಾದ ಚೀಸಿನ ತುಂಡು ಹಾಕಿಸಿದ್ದ.

"ನಾಳೆ ಹೋಗ್ಲೇಬೇಕಾ?"

"ಬಾವನಿಗೆ ಮಾತು ಕೊಟ್ಟಾಗಿದೆ."

ಅವಳು ಕುಡಿಯಲಿಲ್ಲ, ಲೋಟದ ಬಿಸಿಯನ್ನು ಅಂಗೈಯಲ್ಲಿ ಹಿಡಿದುಕೊಂಡಳು. "ಅಲ್ಲಿ ಗುಡ್ಡ ಬೆಟ್ಟ ಇದೆಯಾ?"

"ಒಂದೂ ಇಲ್ಲ. ಕಣ್ಣು ಹೋದಷ್ಟು ದೂರ ಬಯಲು." ಎವೆಲಿಯೊ ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿದ. "ನೀವು ಬಂದ್ರೆ, ನಾವು ಹತ್ತಬಾರದ ಜಾಗ ಅಲ್ಲಿ ಯಾವುದೂ ಇಲ್ಲ."