ಚಂದವ್ವನ ಗಂಟು

ಪರಸಪ್ಪನ ಕೈಯಿಂದ ಕರಿಯ ಉಣ್ಣೆ ದಾರದ ಉಂಡೆಯನ್ನು ಕಸಿದುಕೊಂಡ ಮಾಬುಬಿ ಅದನ್ನು ಸೆರಗಿನೊಳಗೆ ತುರುಕಿ, ಮೇಲೆ ಎರಡೂ ಕೈ ಕಟ್ಟಿ ಕೂತುಬಿಟ್ಟಳು.

“ಚಿಗವ್ವಾ, ಹುಡುಗಾಟ ಬ್ಯಾಡ. ಅವ್ವ ಹೋಗಿ ಎರಡ ತಾಸಾತು. ಇನ್ನ ಸ್ವಲ್ಪ ಹೊತ್ತಾದ್ರ ಕಾಲು ಬಿಗೀತಾವ. ಕೊಡು, ಯಾರರೆ ಕಟ್ತಾರ.”

“ಯಾರರೆ ಅಲ್ಲ, ರೇಣಿ ಕಟ್ತಾಳ. ಸಿಂದಗಿ ಬಿಟ್ಟು ಭಾಳ ಹೊತ್ತಾತಂತ. ಬರಾಕತ್ತಾಳ.”

“ಅಕಿ ಕೈಲೆ ಬ್ಯಾಡ ಅಂತನs ನಾ ಹೇಳಾಕತ್ತೇನಿ.” ಪರಸಪ್ಪ ದನಿ ತಗ್ಗಿಸಿ ಬಾಗಿಲ ಕಡೆ ಕಣ್ಣು ತೋರಿಸಿದ. “ಹೊರಗ ನೋಡು, ಒಬ್ಬೊಬ್ಬರ ಕೈಯಾಗ ಒಂದೊಂದು ಮೊಬೈಲ್. ನನ್ನ ಮಗಳು ಹೆಣದ ಕಾಲು ಕಟ್ಟೂ ಫೋಟೊ ಮತ್ತ ಊರೂರು ತಿರುಗಬೇಕೇನು?”

ಮಾಬುಬಿ ಕಟ್ಟಿದ ಕೈ ಸಡಿಲಿಸಲಿಲ್ಲ. ಅವನು ಹೇಳಿದ್ದು ಸುಳ್ಳೇನೂ ಅಲ್ಲ. ಆದರೆ ಹೋದ ಶ್ರಾವಣದಲ್ಲಿ ಅವನ ತಾಯಿ ಚಂದವ್ವ ತನ್ನ ಕೈ ಹಿಡಿದು ಹೇಳಿದ ಮಾತನ್ನು ಅವನೇನು ಬಲ್ಲ? “ನನ್ನ ಕಾಲಿಗೆ ರೇಣಿನs ಕಟ್ಟಬೇಕು, ಮಾಬು. ಇಲ್ಲಂದ್ರ ಹಂಗs ಬಿಡ್ರಿ. ಅಗಲ ಕಾಲು ಚಾಚ್ಕೊಂಡು ಹೋಗ್ತೇನಿ, ನಗವರು ನಗಲಿ.”

ಸಾಲೋಟಗಿಯಲ್ಲಿ ಚಂದವ್ವನ ಮನೆಗೂ ಮಾಬುಬಿಯ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಲವತ್ತು ವರ್ಷ ಒಬ್ಬರ ಬೆಂಕಿಯನ್ನು ಇನ್ನೊಬ್ಬರು ಒಯ್ದು ಒಲೆ ಹಚ್ಚಿದ್ದರು. ಚಂದವ್ವ ಕುರಿ ಕಾಯ್ದಳು, ಉಣ್ಣೆ ನೂತಳು, ಅಷ್ಟೇ ಅವಳ ಬಾಳು. ಅದರ ಜೊತೆಗೆ ಊರಲ್ಲಿ ಯಾರು ಕಣ್ಣು ಮುಚ್ಚಿದರೂ ಅವಳಿಗೆ ಹೇಳಿಕಳಿಸುತ್ತಿದ್ದರು. ಹೋಗಿ ಹೆಣದ ರೆಪ್ಪೆ ಸವರುವಳು, ಗದ್ದಕ್ಕೆ ಬಟ್ಟೆ ಕಟ್ಟುವಳು, ಬಾಯಿಗೆ ಒಂದು ಚಮಚ ನೀರು ಬಿಡುವಳು, ಕೊನೆಗೆ ಕಾಲಿನ ಎರಡು ಹೆಬ್ಬೆರಳು ಜೋಡಿಸಿ ತಾನೇ ನೂತ ದಾರ ಸುತ್ತುವಳು. ಮಾಬುಬಿಯ ಅತ್ತೆಗೂ ಅವಳೇ ಕಟ್ಟಿದ್ದಳು. ಸಾವಿನ ಮನೆಯಲ್ಲಿ ಒಂದು ಗುಟುಕು ಚಹಾ ಕೂಡ ಕುಡಿಯದೆ ಎದ್ದು ಬರುವಳು.

ಅವಳ ಗಂಟು ಮೊಮ್ಮಗಳು ರೇಣಿಯನ್ನು ಬಿಟ್ಟರೆ ಬೇರೆಯವರಿಗೆ ಬರುತ್ತಿರಲಿಲ್ಲ. ಎಷ್ಟು ಹೊರಳಾಡಿಸಿದರೂ ಸಡಿಲವಾಗದು, ತುದಿ ಹಿಡಿದು ಎಳೆದರೆ ಒಂದೇ ಸಲಕ್ಕೆ ಬಿಚ್ಚುವುದು. ಮಣ್ಣಿಗಿಡುವ ಮೊದಲು ಅದನ್ನು ಬಿಚ್ಚಲೇಬೇಕು, ಗಂಟು ಹೊತ್ತುಕೊಂಡು ಯಾರೂ ಹೋಗಬಾರದು ಎಂಬುದು ಅವಳ ಶಾಸ್ತ್ರ. ಕಟ್ಟುವಾಗ ಬಾಗಿ ಏನೋ ಪಿಸುಗುಡುತ್ತಿದ್ದಳು. ಏನು ಅನ್ನುವುದನ್ನು ಗಂಟು ಕಲಿತವಳಿಗಲ್ಲದೆ ಯಾರಿಗೂ ಹೇಳಲಿಲ್ಲ. ಓಣಿಯ ಯಾವ ಮನೆಯ ಮಡಕೆಯಲ್ಲಿ ಏನಿದೆ ಎಂದು ತಿಳಿಯದೆ ನಿದ್ದೆ ಬಾರದ ಮಾಬುಬಿಗೆ ಇದೊಂದು ಹಲ್ಲಿಗೆ ಸಿಕ್ಕ ನಾರಿನಂತೆ ಉಳಿದಿತ್ತು. ಕೇಳಿದಾಗೆಲ್ಲ ಚಂದವ್ವ ನಗುತ್ತಿದ್ದಳು. “ನಿನಗ ಕಟ್ಟೂ ದಿನ ಹೇಳ್ತೇನಿ ತಗೋ.”

*

ಆರು ವರ್ಷದ ಹಿಂದಿನ ಮಾತು. ರೇಣಿ, ಅಂದರೆ ಪರಸಪ್ಪನ ಮಗಳು ರೇಣುಕಾ, ಡಾಕ್ಟರಿಕೆ ಓದಲು ಯುರೋಪಿನ ಒಂದು ಸಣ್ಣ ದೇಶಕ್ಕೆ ಹೋಗಿ ಮೂರನೆಯ ವರ್ಷ. ಆ ದೇಶದ ಹೆಸರನ್ನು ಸಾಲೋಟಗಿಯವರು ಆರು ಥರ ಹೇಳುತ್ತಿದ್ದರು, ಆರೂ ತಪ್ಪು. ಒಂದು ಮುಂಜಾನೆ ಡೇರಿಯ ಸೆಕ್ರೆಟರಿ ಧರ್ಮರಾಜ ಮೊಬೈಲ್ ಹಿಡಿದುಕೊಂಡು ಓಡಿಬಂದ.

ರೇಣುಕಾಳ ಜೊತೆಗೆ ಒಂದೇ ಮನೆಯಲ್ಲಿದ್ದ ಮಾರ್ತಾ ಎಂಬ ಹುಡುಗಿಯನ್ನು ಯಾರೋ ಇರಿದು ಕೊಂದಿದ್ದರು. ಪೊಲೀಸರನ್ನು ಕರೆದವಳು ರೇಣುಕಾಳೇ. ಆದರೆ ಅವರು ಬಂದು ನೋಡಿದಾಗ ಅಡುಗೆಮನೆಯ ನೆಲದ ಮೇಲಿದ್ದ ಹೆಣದ ಗದ್ದಕ್ಕೆ ಓಢಣಿ ಕಟ್ಟಿತ್ತು, ತುಟಿ ಒದ್ದೆಯಾಗಿತ್ತು, ಎರಡು ಹೆಬ್ಬೆರಳು ಕರಿಯ ದಾರದಲ್ಲಿ ಜೋಡಿಸಿದ್ದವು. ಅವಳನ್ನೇ ಹಿಡಿದು ಒಳಗೆ ಹಾಕಿದರು. ಮಾಟ, ಬಲಿ ಎಂದು ಅಲ್ಲಿಯ ಪತ್ರಿಕೆಗಳು ಬರೆದವು. ಇಲ್ಲಿಯ ಟಿವಿಯವರು ಅದಕ್ಕೆ ಒಗ್ಗರಣೆ ಹಾಕಿದರು.

ಧರ್ಮರಾಜ ತೋರಿಸಿದ ಫೋಟೊದಲ್ಲಿ ಕಾಣುತ್ತಿದ್ದುದು ಎರಡು ಬೆಳ್ಳನೆ ಪಾದ ಮಾತ್ರ. ಚಂದವ್ವ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

“ಇದು ನನ್ನ ಗಂಟು,” ಎಂದಳು. “ದಾರಾನೂ ನಂದs. ದೃಷ್ಟಿ ಆದೀತು ಅಂತ ಹುಡುಗಿ ಚೀಲದಾಗ ಇಟ್ಟು ಕಳಿಸಿದ್ದೆ.” ಆಮೇಲೆ ಗೋಡೆಗೆ ಒರಗಿ ಗಳಗಳ ಅತ್ತಳು. “ಕೊಂದಾಕಿ ಹಿಂಗ ಕಟ್ತಾಳೇನೊ ಧರ್ಮಣ್ಣಾ? ತನ್ನವರು ಅಂತ ಇದ್ರಷ್ಟs ಹಿಂಗ ಕಟ್ತಾರ.”

*

ಅದನ್ನು ಕೋರ್ಟಿಗೆ ತಿಳಿಸುವುದು ಹೇಗೆ? ಅಲ್ಲಿಯ ವಕೀಲರು, ಅಜ್ಜಿ ಕಟ್ಟುವುದನ್ನು ವಿಡಿಯೊ ಮಾಡಿ ಕಳಿಸಿ ಎಂದರು. ಕಟ್ಟಲು ಕಾಲು ಬೇಕಲ್ಲ! ಜೀವಂತ ಇರುವವರ ಹೆಬ್ಬೆರಳು ಕಟ್ಟಿದರೆ ವರ್ಷ ತುಂಬುವುದರೊಳಗೆ ಸಾವು ಅನ್ನುತ್ತಾರೆ. ಪರಸಪ್ಪನ ಬೀಗರು ಒಲ್ಲೆ ಎಂದರು. ಪರಸಪ್ಪ ಮಲಗಲು ಮುಂದಾದರೆ ಚಂದವ್ವನ ಕೈಯೇ ಏಳಲಿಲ್ಲ, ಹೆತ್ತ ಮಗ.

ಆಗ ಮಾಬುಬಿ ಚಾಪೆ ಹಾಸಿ ಅಂಗಾತ ಮಲಗಿದಳು. “ಕಟ್ಟು. ನಾ ಎಂದಿದ್ರೂ ಸಾಯಾಕಿನs. ಮುಖ ಚೆಂದ ಬರೂ ಹಂಗ ತಗೀರಿ ಮತ್ತ.”

ಚಂದವ್ವ ಹೆಬ್ಬೆರಳು ಜೋಡಿಸಿ ದಾರ ಸುತ್ತಿದಳು. ತುಟಿ ಅಲುಗಲಿಲ್ಲ. ಮಾಬುಬಿ ಕತ್ತು ಎತ್ತಿ, “ಆ ಪಿಸುಮಾತೂ ಹೇಳು,” ಎಂದಳು. “ಸುಮ್ಮನ ಬೀಳು. ಅದು ಹೋಗವ್ರಿಗೆ ಹೇಳೂ ಮಾತು,” ಎಂದು ಚಂದವ್ವ ಗದರಿ ಗಂಟು ಎಳೆದು ಬಿಚ್ಚಿದಳು.

ಹತ್ತೊಂಬತ್ತು ತಿಂಗಳು ಒಳಗಿದ್ದು ರೇಣುಕಾ ಬಿಡುಗಡೆಯಾದಳು. ಕೊಂದವರು ಇವತ್ತಿನವರೆಗೆ ಸಿಕ್ಕಿಲ್ಲ. ಹಾಗಾಗಿ ಅಲ್ಲಿಯವರಲ್ಲಿ ಅರ್ಧ ಮಂದಿ ಇವಳೇ ಎನ್ನುತ್ತಾರೆ, ಇಲ್ಲಿಯವರು ಬಾಯಿ ಬಿಟ್ಟು ಅನ್ನುವುದಿಲ್ಲ. ಓದು ಅರ್ಧಕ್ಕೆ ನಿಂತು, ಸಿಂದಗಿಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಂದಿನಿಂದ ಯಾರ ಮಣ್ಣಿಗೂ ಹೋದವಳಲ್ಲ. ಚಂದವ್ವನೂ ಅಷ್ಟೆ. ನಾನು ಕಲಿಸಿದ ಗಂಟು ಹುಡುಗಿಯ ಕೈಗೆ ಬೇಡಿಯಾಯಿತು ಎಂದು ಆ ಮೇಲೆ ಯಾರ ಕಾಲನ್ನೂ ಮುಟ್ಟಲಿಲ್ಲ.

*

ರೇಣುಕಾ ಬಂದಾಗ ಮುಂಜಾನೆ ಎಂಟೂವರೆ. ಭಜನೆಯವರು ತಾಳ ನಿಲ್ಲಿಸಿದರು. ಅಂಗಳದ ಕಣ್ಣುಗಳೆಲ್ಲ ಅವಳ ಕೈಗಳ ಮೇಲೆ. ಅವಳು ಅಜ್ಜಿಯ ತಲೆಯ ಹತ್ತಿರ ಕೂತು ಹಣೆಗೆ ಹಣೆ ಹಚ್ಚಿ ಅತ್ತಳು. ಕಾಲಿನ ಕಡೆಗೆ ತಿರುಗಿ ಕೂಡ ನೋಡಲಿಲ್ಲ.

ಧರ್ಮರಾಜ ಹೊಸ್ತಿಲ ತನಕ ಬಂದ. ಕೆಟ್ಟವನಲ್ಲ, ಆದರೆ ಆರು ವರ್ಷದಿಂದ ಹೊಟ್ಟೆಯಲ್ಲಿದ್ದ ಪ್ರಶ್ನೆ ಇವತ್ತೇ ಹೊರಬಿತ್ತು. “ತಂಗೀ, ತಪ್ಪು ತಿಳೀಬ್ಯಾಡ. ಡಾಕ್ಟರಿಕಿ ಓದಾಕಿ ನೀ. ಪೊಲೀಸರು ಬರೂತನಕ ಮುಟ್ಟಬಾರದು ಅಂತ ಗೊತ್ತಿರಲಿಲ್ಲೇನು?”

ಪರಸಪ್ಪ ಹಲ್ಲು ಕಚ್ಚಿದ. ರೇಣುಕಾ ಮೂಗು ಒರೆಸಿಕೊಂಡಳು.

“ಗೊತ್ತಿತ್ರಿ ಅಣ್ಣಾರ. ಅವರು ಬರಾಕ ನಲವತ್ತು ನಿಮಿಷ ಆತು. ಕಾಲು ಒಂದು ಆ ಕಡೆ, ಒಂದು ಈ ಕಡೆ ಬಿದ್ದಿದ್ದು. ಮಂದಿ ಬರತಾರ, ಅಕಿನ್ನ ಹಂಗ ನೋಡ್ತಾರ ಅನ್ನಿಸ್ತು. ಅಕಿ ಅವ್ವ ದೂರದ ಊರಾಗ ಇದ್ಳು. ಅಲ್ಲಿ ಮತ್ತ್ಯಾರಿದ್ರು?”

ಮಾಬುಬಿ ಸೆರಗಿನಿಂದ ದಾರ ತೆಗೆದು ಅವಳ ಮುಂದೆ ಹಿಡಿದಳು.

“ಒಲ್ಲೆ ಆಯಿ. ಕೈ ನೋಡು.” ಬೆರಳುಗಳು ಜ್ವರ ಬಂದವರಂತೆ ನಡುಗುತ್ತಿದ್ದವು. “ನಂಗಾಗೂದಿಲ್ಲ.”

ಮಾಬುಬಿ ಗೋಡೆಗೆ ಬೆನ್ನು ಕೊಟ್ಟು, ಸೀರೆ ಸರಿಸಿ, ತನ್ನ ಎರಡೂ ಕಾಲು ಹುಡುಗಿಯ ಮಡಿಲ ತನಕ ಚಾಚಿದಳು. “ಹಂಗಾರ ಮದಲ ನನಗ ಕಟ್ಟು. ಕೈ ರೂಢಿ ಆಗ್ಲಿ.”

“ಅಯ್ಯs, ಏನs ಇದು!” ಎಂದು ಹೆಂಗಸರು ಬಾಯಿ ಮೇಲೆ ಕೈ ಇಟ್ಟರು.

“ಒಮ್ಮೆ ಕಟ್ಟಿಸಿಕೊಂಡಾಕಿ ಕೂತೇನಿ, ಕಟ್ಟಿದಾಕಿ ಹೋದ್ಳು. ನೋಡ್ರಿ, ಶಾಸ್ತ್ರಕ್ಕೂ ನನ್ನ ಮ್ಯಾಲ ಅಂಜಿಕಿ ಐತಿ. ಧರ್ಮಣ್ಣಾ, ಆ ಮೊಬೈಲ್ ಕಿಸೇದಾಗ ಇಡು. ಇಲ್ಲಂದ್ರ ನಿನ್ನ ಕಾಲs ಕಟ್ಟಸ್ತೇನಿ.”

ಅಳುತ್ತಿದ್ದ ರೇಣುಕಾಳಿಗೆ ನಗು ಬಂತು. ನಗುತ್ತಲೇ ಆ ಒಡೆದ ಹಿಮ್ಮಡಿಗಳನ್ನು ಎರಡೂ ಕೈಯಿಂದ ಒತ್ತಿಹಿಡಿದಳು, ಬಹಳ ಹೊತ್ತು. ನಡುಕ ಇಳಿಯಿತು. ಮೆಲ್ಲಗೆ ಆ ಕಾಲುಗಳನ್ನು ಬದಿಗೆ ಸರಿಸಿ, ದಾರ ಹಿಡಿದು ಎದ್ದು, ಅಜ್ಜಿಯ ಪಾದದ ಹತ್ತಿರ ಹೋಗಿ ಕೂತಳು.

ಒಂದು ಸುತ್ತು, ನಡುವೆ ಹಾಯಿಸಿ ಇನ್ನೊಂದು ಸುತ್ತು, ಕೊನೆಗೆ ಗಂಟು. ಬಾಗಿದಾಗ ತುಟಿ ಅಲುಗಿತು. ಮಾಬುಬಿ ಮುಂದಕ್ಕೆ ಜರುಗಿ ಕಿವಿಗೊಟ್ಟಳು. ಅಷ್ಟರಲ್ಲಿ ಹಾಳಾದ ಭಜನೆಯವರು ತಾಳ ಶುರು ಮಾಡಿದರು. ಪರಸಪ್ಪ ಬಾಗಿಲಿಗೆ ಅಡ್ಡ ನಿಂತು ಮಗಳ ಕಡೆ ಬೆನ್ನು ಮಾಡಿದ್ದ, ಹೊರಗಿನ ಒಂದು ಕಣ್ಣೂ ಒಳಗೆ ಹಾಯದ ಹಾಗೆ.

*

ಮಧ್ಯಾಹ್ನ ಹೊಲದ ಬದುವಿನ ಹತ್ತಿರ ಕುಣಿ ತೋಡಿದ್ದರು. ಬೇಡವೆಂದರೂ ಕೇಳದೆ ಮಾಬುಬಿಯೂ ಬಂದಿದ್ದಳು. ಇಳಿಸುವ ಮೊದಲು ರೇಣುಕಾ ದಾರದ ತುದಿ ಹಿಡಿದು ಎಳೆದಳು. ಒಂದೇ ಸಲಕ್ಕೆ ಬಿಚ್ಚಿತು. ಪರಸಪ್ಪ ಮೊದಲ ಹಿಡಿ ಮಣ್ಣು ಹಾಕಿದ. ಆಮೇಲೆ ಊರೆಲ್ಲ ಹಾಕಿತು.

ಮಂದಿ ಚದುರಿದ ಮೇಲೂ ಹುಡುಗಿ ಬದುವಿನ ಮೇಲೆ ಕೂತೇ ಇದ್ದಳು, ಕೈಯಲ್ಲಿ ದಾರ.

“ಮಾರ್ತಾಂದು ಯಾರೂ ಬಿಚ್ಚಲಿಲ್ಲ, ಆಯಿ,” ಎಂದಳು. “ಕತ್ರಿಲೆ ಕತ್ತರಿಸಿ ಪಾಕೀಟಿನ್ಯಾಗ ಹಾಕಿ, ನಂಬರ್ ಬರೆದ್ರು. ಗಂಟು ಇನ್ನಾ ಹಂಗs ಐತಿ ಅಲ್ಲಿ.”

ಮಾಬುಬಿ ಅವಳ ಪಕ್ಕದಲ್ಲಿ ಕೂತಳು.

ರೇಣುಕಾ ತನ್ನ ಎಡಗೈಯ ಎರಡು ಬೆರಳು ಜೋಡಿಸಿ ದಾರ ಸುತ್ತಿದಳು. ಒಂದು ಸುತ್ತು, ನಡುವೆ ಹಾಯಿಸಿ ಇನ್ನೊಂದು ಸುತ್ತು. ಹಲ್ಲಿನಲ್ಲಿ ತುದಿ ಕಚ್ಚಿ ಗಂಟು ಬಿಗಿದಳು. ಬೆರಳುಗಳ ಮೇಲೆ ಬಾಗಿದಳು. ತಾಳವಿಲ್ಲ, ಮಂದಿಯಿಲ್ಲ, ಈ ಸಲ ಮಾಬುಬಿಗೆ ಕೇಳಿಸಿತು.

“ಅವಸರ ಇಲ್ಲವ್ವಾ. ಸಾವಕಾಶ ಹೋಗು.”

ಎಂದು ತುದಿ ಎಳೆದಳು. ಬಿಚ್ಚಿದ ಉಣ್ಣೆ ದಾರ ಗಂಟಿನ ಸುರುಳಿ ಉಳಿಸಿಕೊಂಡೇ ಸ್ವಲ್ಪ ಹೊತ್ತು ಅವಳ ಬೆರಳಿಂದ ತೂಗಾಡಿತು. ಗಾಳಿ ಬೀಸಿದಂತೆಲ್ಲ ಮೆಲ್ಲಗೆ ನೆಟ್ಟಗಾಯಿತು.