ಮೊದಲು ಬೀಗ ಹಾಕಿದವರು

ಅಕ್ಕ ತಂಗಿ ಇಬ್ಬರೂ ಸೇರಿ ಒಂಬತ್ತು ವರ್ಷ ಫೋನ್ ರಿಪೇರಿ ಅಂಗಡಿ ನಡೆಸಿದ್ದರು. ದರ್ಜಿಯ ಅಂಗಡಿಯ ಪಕ್ಕದ ಕಿರಿದಾದ ಕೋಣೆ, ಒಂದೇ ಮೇಜು, ಒಂದೇ ದೀಪ. ತಂಗಿ ಎಡಚಿ, ಮೊಣಕೈ ತಾಗದಿರಲೆಂದು ಅವಳು ಎಡಕ್ಕೆ ಕೂರುತ್ತಿದ್ದಳು. ಅಕ್ಕ ತಲೆಯೆತ್ತದೆ ಕೈ ಚಾಚಿದರೆ ಸಾಕು, ಬೇಕಾದ ಚಿಮಟ ಅಂಗೈಗೆ ಬಂದು ಬೀಳುತ್ತಿತ್ತು.

ಆಮೇಲೆ ಅದೇ ಊರಿನ ದೊಡ್ಡ ಫೋನ್ ಕಂಪನಿಯಲ್ಲಿ ತಂಗಿಗೆ ಕೆಲಸ ಸಿಕ್ಕಿತು. ಅವಳು ಹೋದ ಮೇಲೂ ಅಕ್ಕ ಎಷ್ಟೋ ಸಲ ಮೈಮರೆತು ಕೈ ಚಾಚಿ, ಹಾಗೇ ಹಿಂದಕ್ಕೆ ಎಳೆದುಕೊಂಡದ್ದುಂಟು. ಮೂರು ವರ್ಷ ತಂಗಿ ವಾರವಾರ ಫೋನ್ ಮಾಡುತ್ತಿದ್ದಳು. ಒಂದು ದಿನ ಅದು ನಿಂತುಹೋಯಿತು. ದೊಡ್ಡ ಜನರ ಸಹವಾಸ, ಇನ್ನೆಲ್ಲಿ ನೆನಪು ಎಂದು ಅಕ್ಕ ಮುನಿಸಿಕೊಂಡಳು. ತಾನೇ ಮಾಡೋಣವೆಂದರೆ ಹಟ ಬಿಡಲಿಲ್ಲ. ಹೀಗೇ ಮತ್ತೆ ಮೂರು ವರ್ಷ ಕಳೆಯಿತು.

ಅಂಗಡಿಗೆ ಕಷ್ಟಕಾಲ ಬಂದದ್ದೂ ಆಗಲೇ. ಗಣಿತದ ಮೇಷ್ಟ್ರೊಬ್ಬರ ಫೋನಿನ ಕ್ಯಾಮೆರಾ ಒಡೆದಿತ್ತು, ಫೋನ್ ತಂಗಿಯ ಕಂಪನಿಯದು. ಅದೇ ಕಂಪನಿಯ, ಅದೇ ಮಾದರಿಯ ಇನ್ನೊಂದು ಫೋನಿನಿಂದ ಅಸಲಿ ಕ್ಯಾಮೆರಾ ತೆಗೆದು ಅಕ್ಕ ಕೂರಿಸಿದಳು. ಫೋನ್ ಒಪ್ಪಲಿಲ್ಲ. 'ಈ ಭಾಗವನ್ನು ಗುರುತಿಸಲಾಗುತ್ತಿಲ್ಲ' ಎಂಬ ಸಾಲು ಪರದೆಯ ಮೇಲೆ ಕೂತುಬಿಟ್ಟಿತು. ಕಂಪನಿ ತನ್ನ ಸ್ವಂತ ಭಾಗಗಳಿಗೇ ಸಾಫ್ಟ್‌ವೇರಿನ ಬೀಗ ಹಾಕಿತ್ತು. ಬೀಗದ ಕೈ ಅವರದೇ ಸರ್ವೀಸ್ ಸೆಂಟರಿನಲ್ಲಿ. ಮೇಷ್ಟ್ರು ಫೋನ್ ಜೇಬಿಗಿಳಿಸಿಕೊಂಡು ಹೋದರು. ನಕಲಿ ಮಾಲು ಹಾಕಿದಳೆಂದು ಅವರು ತಿಳಿದರೆಂಬ ಸಂಕಟ ಅಕ್ಕನನ್ನು ಬಹಳ ದಿನ ಕಾಡಿತು. ವರ್ಷ ತಿರುಗುವುದರೊಳಗೆ ಮಾರುಕಟ್ಟೆಯಲ್ಲಿದ್ದ ಉಳಿದ ನಾಲ್ಕು ದೊಡ್ಡ ಕಂಪನಿಗಳೂ ಅದನ್ನೇ ಮಾಡಿದವು.

ರಿಪೇರಿಯವರ ಸಂಘ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟಿತು, ಮೊದಲನೆಯ ಕಂಪನಿಯ ಮೇಲೆ ಮಾತ್ರ. ವಿಚಾರಣೆಗೆ ಸಾಕ್ಷಿಯಾಗಿ ಅಕ್ಕನನ್ನು ಕರೆದರು. ಬೇರೆ ಕಂಪನಿಗಳ ಮಾತು ಬಂದರೆ ಗೊತ್ತಿಲ್ಲ ಅಂದುಬಿಡಿ, ಇಲ್ಲದಿದ್ದರೆ ಕೇಸು ಸಡಿಲವಾಗುತ್ತದೆ ಎಂದು ಸಂಘದ ವಕೀಲರು ಹೇಳಿಕೊಟ್ಟಿದ್ದರು.

ವಿಚಾರಣೆಯ ಕೋಣೆಗೆ ಕಾಲಿಟ್ಟವಳೇ ಅಕ್ಕ ಬಾಗಿಲಲ್ಲೇ ನಿಂತಳು. ಕಂಪನಿಯವರ ಸಾಲಿನಲ್ಲಿ ತಂಗಿ ಕೂತಿದ್ದಳು. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು, ಮೂಗಿನ ಮೇಲೆ ಕನ್ನಡಕ ಬಂದಿತ್ತು. ದೂರು, ಸಂಘ, ವಕೀಲರು ಎಲ್ಲ ಮರೆತುಹೋಗಿ, ಎಷ್ಟು ಸೊರಗಿದ್ದಾಳೆ ಎಂಬುದೊಂದೇ ಅಕ್ಕನ ಮನಸ್ಸಿನಲ್ಲಿ ಉಳಿಯಿತು. ತಂಗಿ ಒಮ್ಮೆ ನೋಡಿ ತಲೆ ತಗ್ಗಿಸಿದಳು.

ಅಕ್ಕನ ಸರದಿ ಬಂದಾಗ ಕಂಪನಿಯ ವಕೀಲರು ನೇರವಾಗಿ ಅದನ್ನೇ ಕೇಳಿದರು. ಬೇರೆ ಕಂಪನಿಗಳು ಹೀಗೆ ಮಾಡುವುದಿಲ್ಲವೇ?

ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ತಂಗಿಯ ಎದುರು ಅದು ಹೊರಬೀಳಲಿಲ್ಲ. "ಮಾಡ್ತಾರೆ. ಇನ್ನೂ ನಾಲ್ಕು ಕಂಪನಿ," ಎಂದಳು.

"ಮತ್ತೆ ನಮ್ಮೊಬ್ಬರನ್ನೇ ಯಾಕೆ ಕಟಕಟೆಗೆ ಎಳೆದಿದ್ದೀರಿ?"

"ಎಲ್ರನ್ನೂ ಕರೀಬೇಕಿತ್ತು, ಅದು ನಿಜ. ಆದ್ರೆ ಅವರೂ ಮಾಡ್ತಾರೆ ಅಂತ ನಿಮ್ಮನ್ನ ಬಿಟ್ರೆ, ನಾಳೆ ಅವರು ನಿಮ್ಮ ಕಡೆ ಕೈ ತೋರಿಸ್ತಾರೆ. ಆಮೇಲೆ ನಾವು ಯಾರನ್ನ ಕೇಳೋದು?"

ಸಂಘದ ವಕೀಲರು ಹಣೆ ಒತ್ತಿಕೊಂಡರು.

ಮಧ್ಯಾಹ್ನ ತಂಗಿ ಎದ್ದಳು. ಗ್ರಾಹಕರ ಸುರಕ್ಷತೆ, ಎಲ್ಲ ಕಂಪನಿಗಳಲ್ಲೂ ಇರುವ ಪದ್ಧತಿ ಎಂದು ಬರೆದುಕೊಟ್ಟದ್ದನ್ನು ಏರಿಳಿತವಿಲ್ಲದೆ ಓದಿದಳು. ಆಯೋಗದ ಅಧ್ಯಕ್ಷೆಯಾಗಿದ್ದ ಹಿರಿಯ ಹೆಂಗಸು ಎಲ್ಲ ಕೇಳಿಸಿಕೊಂಡು, ಈ ಪದ್ಧತಿ ಶುರುಮಾಡಿದವರು ಯಾರು ಎಂದಷ್ಟೇ ಕೇಳಿದರು. ಕಂಪನಿಯ ವಕೀಲರು ಅಡ್ಡ ಬಾಯಿ ಹಾಕಲು ಎದ್ದರು. ಅಷ್ಟರಲ್ಲಿ ತಂಗಿ ಕಾಗದ ಮಡಿಸಿಟ್ಟಿದ್ದಳು.

"ನಾವು," ಎಂದಳು. "ಆ ಬೀಗದ ಪ್ರೋಗ್ರಾಂ ಬರೆದ ತಂಡದಲ್ಲಿ ನಾನೂ ಇದ್ದೆ. ಕದ್ದ ಫೋನಿನ ಭಾಗ ಮಾರಬಾರದು ಅಂತ ಮಾಡಿದ್ದು. ಕಳವಲ್ಲದ ಅಸಲಿ ಭಾಗ ಹಾಕಿದ್ರೆ ಬೀಗ ತೆರೆಯೋಕೆ ಹೊರಗಿನ ಅಂಗಡಿಗಳಿಗೂ ಒಂದು ದಾರಿ ಇಟ್ಟಿದ್ವಿ. ಫೋನ್ ಮಾರ್ಕೆಟ್ಟಿಗೆ ಬರೋ ಮುಂಚೆ ಮೇಲಿನವರು ಅದನ್ನ ಮುಚ್ಚಿ ಅಂದ್ರು. ಮುಚ್ಚಿದ್ದೂ ನಾನೇ. ಉಳಿದವರು ನಮ್ಮನ್ನ ನೋಡಿ ಕಲಿತ್ರು."

ಆಮೇಲೆ ಹೊರಗಿನ ಪಡಸಾಲೆಯಲ್ಲಿ, ಕುಡಿಯುವ ನೀರಿನ ನಲ್ಲಿಯ ಬಳಿ ಇಬ್ಬರೂ ಎದುರಾದರು.

"ಊಟ ಸರಿಯಾಗಿ ಮಾಡ್ತೀಯಾ?" ಎಂದಳು ಅಕ್ಕ.

ತಂಗಿ ನಲ್ಲಿ ತಿರುಗಿಸಿದಳು. ಲೋಟ ಹಿಡಿದುಕೊಂಡು, "ಆ ದಾರಿ ಮುಚ್ಚಿದ ದಿನದಿಂದ ನಿಂಗೆ ಫೋನ್ ಮಾಡೋಕೆ ಮುಖ ಇರ್ಲಿಲ್ಲ ಅಕ್ಕಾ," ಎಂದಳು.

ಮರೆತಳೆಂದು ಬೈದುಕೊಂಡ ದಿನಗಳಲ್ಲೆಲ್ಲ ಇವಳು ಅಲ್ಲಿ ಹೀಗೆ ಬೇಯುತ್ತಿದ್ದಳು ಎಂಬುದು ಅಕ್ಕನಿಗೆ ಆಗಲೇ ತಿಳಿದದ್ದು.

"ನಾವು ದೂರು ಕೊಟ್ಟಿದ್ದು ಕಂಪನಿ ಮೇಲೆ ಕಣೇ. ನಿನ್ನ ಮೇಲಲ್ಲ."

"ಕಂಪನಿ ಅಂದ್ರೆ ಯಾರು ಅಕ್ಕಾ? ನಮ್ಮಂಥೋರೇ ಅಲ್ವಾ."

ಅಕ್ಕ ಅವಳ ಕೈಯ ಲೋಟ ತೆಗೆದು ಬದಿಗಿಟ್ಟಳು. ಅಂಗಡಿಗೆ ಬಾ ಎಂದಳು. ಬರ್ತೀನಿ ಎಂದಳು ತಂಗಿ. ಯಾವಾಗ ಎಂದು ಹೇಳಲಿಲ್ಲ. ಕಂಪನಿಯವರು ಕರೆದರು, ಹೊರಟುಹೋದಳು.

ಆಯೋಗ ಉಳಿದ ನಾಲ್ಕು ಕಂಪನಿಗಳನ್ನೂ ಕರೆಸಿ ಕೇಳಿತು. ನಾಲ್ಕು ತಿಂಗಳಿಗೆ ತೀರ್ಪು ಬಂತು. ಐದೂ ಕಂಪನಿಗಳು ಬೀಗ ತೆಗೆಯಬೇಕು. ದಂಡ ಮಾತ್ರ ಮೊದಲನೆಯದಕ್ಕೆ, ದಾರಿಯಿದ್ದೂ ಮುಚ್ಚಿದ್ದಕ್ಕೆ. ತಮ್ಮೊಬ್ಬರನ್ನೇ ಗುರಿಮಾಡಿದ್ದು ಅನ್ಯಾಯವೆಂದು ಕಂಪನಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿತು. ಅದನ್ನು ಓದಿ ಅಕ್ಕನಿಗೆ ಖುಷಿಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಅಷ್ಟು ಹೊತ್ತಿಗೆ ತಂಗಿಯನ್ನು ಎರಡು ದಿನದ ಪ್ರಯಾಣದಷ್ಟು ದೂರದ ಶಾಖೆಗೆ ಎತ್ತಿಹಾಕಿದ್ದರು. ಒಂದೇ ಊರಿನಲ್ಲಿದ್ದೂ ಮಾತಿಲ್ಲದೆ ಕಳೆದ ಮೂರು ವರ್ಷ ಹಾಗೇ ಮಣ್ಣುಪಾಲಾಗಿತ್ತು.

ಈಗ ಭಾನುವಾರ ಭಾನುವಾರ ತಂಗಿಯ ಫೋನ್ ಬರುತ್ತದೆ. ಮೊನ್ನೆ ಅವಳು ಬೀದಿಯಿಂದಲೇ ಮಾಡಿದ್ದಳು. ಅಲ್ಲಿ ಮೂಲೆಯಲ್ಲೊಂದು ಸಣ್ಣ ರಿಪೇರಿ ಅಂಗಡಿಯಿದೆಯಂತೆ, ಮುದುಕರೊಬ್ಬರು ಒಬ್ಬರೇ ಕೂತು ಕೆಲಸ ಮಾಡುತ್ತಾರಂತೆ.

"ಒಳಗೆ ಹೋಗಿ ಮಾತಾಡ್ಸೇ," ಎಂದಳು ಅಕ್ಕ.

"ಬೇಡ. ಸುಮ್ನೆ ನೋಡ್ತಾ ನಿಂತಿದ್ದೀನಿ."

ಅಕ್ಕ ಫೋನ್ ಇಡಲಿಲ್ಲ. ತಾನು ಕಾಣದ ಆ ಬೀದಿಯಲ್ಲಿ ಗಾಡಿಗಳು ಹಾಯ್ದುಹೋಗುವ ಸದ್ದನ್ನು ಬಹಳ ಹೊತ್ತು ಕೇಳುತ್ತ ಕೂತಳು.