ಮೊದಲ ಬಿಂದಿಗೆ

"ಮಾವ, ಆ ನೀರು ಆಕ್ಬೇಡಿ!" ಎನ್ನುತ್ತ ಆಶಾರಾಣಿ ಕೊಡಕ್ಕೆ ಕೈ ಅಡ್ಡ ಇಟ್ಟಳು.

ಹೆಣಕ್ಕೆ ನೀರು ಹಾಕಲು ಕೊಡ ಎತ್ತಿದ್ದ ಕೋದಂಡಪ್ಪ ಕಕ್ಕಾಬಿಕ್ಕಿಯಾದ. ಬೆಂಚಿನ ಮೇಲೆ ಮಲಗಿದ್ದವಳು ಅವನ ಅಕ್ಕ ವೆಂಕಟರತ್ನಮ್ಮ, ಆಶಾರಾಣಿಯ ಅತ್ತೆ. ನಿನ್ನೆ ಸಂಜೆ ಸೊಸೆ ಕೊಟ್ಟ ಕಾಫಿ ಕುಡಿದು, "ಕಾಫೀನೇನೇ ಇದು, ಉಪ್ಸಾರಾ?" ಎಂದು ಮುಖ ಸಿಂಡರಿಸಿ ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ.

"ಯಾಕಮ್ಮ, ನೀರಿಗೇನಾಗೈತೆ?"

"ಟ್ಯಾಂಕರ್ದು ಉಪ್ಪು ನೀರು. ಬದುಕಿದ್ದಾಗ್ಲೇ ಬಾಯಿಗಾಕ್ಕೊಂಡ್ರೆ ಉಗೀತಿದ್ರು. ಇವತ್ತು ನಲ್ಲೀಲಿ ಬೇತಮಂಗಲದ ಕೆರೆ ನೀರು ಬಿಡ್ತಾರೆ. ಅದ್ನೇ ಆಕ್ಬೇಕು."

"ಬಂದ್ರೆ ತಾನೆ! ಗುಂಡಿ ತೋಡ್ಸಕ್ಕೆ ಓಗಿರೋ ನಿನ್ ಗಂಡ ಒಂದೇ ಸಮ ಫೋನ್ ಮಾಡ್ತಾವ್ನೆ." ಕೋದಂಡಪ್ಪ ಜೇಬು ತಡಕಿದ. "ಈ ಬೀಡಿ ಮುಗಿಯೋಗಂಟ ಕಾಯ್ತೀನಿ. ಆಮೇಲೆ ಇದೇ ನೀರು."

*

ನಂದಿದುರ್ಗದ ಲೈನಿನಲ್ಲಿ, ಗಣಿ ಕೆಲಸಗಾರರ ಆ ಸಾಲುಮನೆಗಳಲ್ಲಿ, ಗಣಿಯ ಸೈರನ್ ನಿಂತು ಎಷ್ಟೋ ವರ್ಷವಾಗಿತ್ತು. ಯಾರೂ ಕೇಳದೆಯೇ ಸೈರನ್ನಿನ ಕೆಲಸ ವಹಿಸಿಕೊಂಡವಳು ವೆಂಕಟರತ್ನಮ್ಮ. ನೀರು ಬಿಡುವ ದಿನ ಬೀದಿ ನಲ್ಲಿಯ ಪಕ್ಕ ಕುಕ್ಕರಗಾಲಲ್ಲಿ ಕೂರುವಳು. ಕೊಳವೆ 'ಬುಸ್' ಎಂದರೆ ಸಾಕು, "ಬಂತೂ! ಬಂದ್ಬಿಡ್ತೂ!" ಎಂದು ಲೈನೆಲ್ಲ ಅದುರುವಂತೆ ಕೂಗುವಳು. ಒಲೆ ಮೇಲೆ ಹಾಲಿಟ್ಟವರು, ಮುಖಕ್ಕೆ ಸೋಪು ಹಚ್ಚಿದವರು, ಎಲ್ಲರೂ ಬಿದ್ದೆನೋ ಎದ್ದೆನೋ ಎಂದು ಓಡಿ ಬರುವರು. ಅರ್ಧ ಸಲ ಬರೀ ಗಾಳಿ. ಬೈದರೆ ಬೊಚ್ಚುಬಾಯಿ ತುಂಬ ನಗುವಳು.

ಎಲ್ಲರಿಗಿಂತ ಹೆಚ್ಚು ಬೈದವಳು ಆಶಾರಾಣಿಯೇ. "ನಿಮ್ಮನ್ನ ನಂಬೋರು ಕತ್ತೆಗಳು ಕಣತ್ತೆ! ನನ್ ಹಾಲೆಲ್ಲ ಉಕ್ಕೋಯ್ತು."

"ಓಗ್ಲಿ ಬಿಡೇ. ಮೊದಲ ಬಿಂದಿಗೆ ನಮ್ದೇ ಅಲ್ವಾ?"

*

ನಲ್ಲಿಯ ಮುಂದೆ ಹೊಂಗೆ ಹೂ ಉದುರಿತ್ತು. ಬಿಂದಿಗೆಗಳ ಸಾಲಿನಲ್ಲಿ ಎಲ್ಲಕ್ಕೂ ಮುಂದೆ ಅತ್ತೆಯ ಹಸಿರು ಬಿಂದಿಗೆ, ನಿನ್ನೆ ಅವಳೇ ಇಟ್ಟದ್ದು. ಅದರ ಹಿಂದೆ ಪಕ್ಕದ ಮನೆಯ ಪೆದ್ದಮ್ಮನದು. ಮೊದಲ ಜಾಗಕ್ಕಾಗಿ ಇಬ್ಬರೂ ಹಾವು ಮುಂಗುಸಿಯ ಹಾಗೆ ಕಚ್ಚಾಡದ ದಿನವಿರಲಿಲ್ಲ.

ಬೀಡಿ ಬೆರಳು ಸುಟ್ಟಿತು. ಕೋದಂಡಪ್ಪ ಎದ್ದ.

ಬುಸ್!

"ಬಂತೂ! ಬಂದ್ಬಿಡ್ತೂ!"

ಕೂಗಿದವಳು ಆಶಾರಾಣಿ. ಥೇಟ್ ಅತ್ತೆಯದೇ ಗಂಟಲು. ಅಳುತ್ತಿದ್ದವರು ಅಳು ಬಿಟ್ಟು ಓಡಿದರು. ತಮಟೆಯವರು ತಮಟೆ ಬಿಟ್ಟು ಓಡಿದರು. ಕೋದಂಡಪ್ಪ ಹೂವಿನ ಹಾರ ಹಿಡಿದುಕೊಂಡೇ ಓಡಿದ.

ಬರೀ ಗಾಳಿ.

"ಹುಟ್ಟುಗುಣ ಸುಟ್ರೂ ಓಗಲ್ಲ ಅಂತಾರೆ. ಅತ್ತೇದು ಸೊಸೆಗೆ ಅಂಟ್ಕಂತಲ್ಲ!" ಎಂದು ಪೆದ್ದಮ್ಮ ಸಿಡುಕಿದಳು. ಯಾರೋ ಕಿಸಕ್ಕನೆ ನಕ್ಕರು. ಆಶಾರಾಣಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ನಿನ್ನೆಯಿಂದ ಬಾರದಿದ್ದ ಅಳು ಬಂತು.

ಅಷ್ಟರಲ್ಲಿ ನಲ್ಲಿ ಕೆಮ್ಮಿತು, ಕೆಂಪು ತುಕ್ಕು ಉಗುಳಿತು, ಆಮೇಲೆ ಧೋ ಎಂದು ಸುರಿಯಿತು.

ಹಸಿರು ಬಿಂದಿಗೆ ತುಂಬಿತು. ಆಶಾರಾಣಿ ಅದನ್ನು ಸೊಂಟಕ್ಕೇರಿಸಿ ಮನೆಯತ್ತ ನಡೆದಳು.

"ಬಿಂದಿಗೆ ಇಡು ಪೆದ್ದಮ್ಮ, ನೀರು ಓಯ್ತಾ ಐತೆ!" ಎಂದು ಸಾಲಿನಿಂದ ಯಾರೋ ಕೂಗಿದರು.

"ಇರ್ರೇ," ಎಂದಳು ಪೆದ್ದಮ್ಮ, ಖಾಲಿ ಬಿಂದಿಗೆಯನ್ನು ಎದೆಗೆ ಅವಚಿಕೊಂಡು. "ಅವ್ಳ ನೀರು ಮನೆ ಸೇರ್ಲಿ."

ಲೈನಿನ ಹೆಂಗಸರೆಲ್ಲ ನಿಂತೇ ಇದ್ದರು. ನೀರು ಹೊಂಗೆ ಹೂಗಳನ್ನು ತೇಲಿಸಿಕೊಂಡು ಮೋರಿಗೆ ಹರಿಯುತ್ತಿತ್ತು.